ಪದ್ಮಾವತಿ ಹೇಳಿದ ಸುಳ್ಳು

"ಪೇಷಂಟ್ ಕಡೆಯವರಲ್ಲಿ ಚೆನ್ನಾಗಿ ಹಿಂದಿ ಬರುವವರು ಯಾರು?"

ಸರ್ಜನ್ ಅಪರ್ಣಾ ಹಿಂದಿಯಲ್ಲಿ ಕೇಳಿದ್ದೇ ತಡ, ಎರಡೂ ಮನೆಯ ಹಿರಿಯರೆಲ್ಲ ಪದ್ಮಾವತಿಯ ಮುಖ ನೋಡಿದರು. ನಿಶ್ಚಯವಾದ ಹುಡುಗಿ ಲಗ್ನಕ್ಕೆ ಮುಂಚೆ ಹುಡುಗನ ಹತ್ತಿರ ಸುಳಿಯಬಾರದು ಎಂದು ಕಣ್ಣಿಟ್ಟು ಕಾದವರು ಇವರೇ! ಈಗ ಇವರೇ ಅವಳನ್ನು ಮುಂದಕ್ಕೆ ತಳ್ಳಿದರು. ಕೆಲಸದ ಹಿಂದಿ ಎಲ್ಲರಿಗೂ ಗೊತ್ತು. ಡಾಕ್ಟರ ಹಿಂದಿ ತಿಳಿಯುವುದು ಈ ಕಳವಾ ಊರಲ್ಲೇ ಹುಟ್ಟಿ ಓದಿದ ಅವಳೊಬ್ಬಳಿಗೆ.

ಮಂಚದ ಮೇಲೆ ಭೀಮು. ಕಲಬುರಗಿಯಿಂದ ಹೊಸದಾಗಿ ಕೆಲಸಕ್ಕೆ ಬಂದವನು, ಘೋಡಬಂದರ್ ರಸ್ತೆಯಲ್ಲಿ ಕಟ್ಟುತ್ತಿದ್ದ ಕಟ್ಟಡದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದ. ನಿಶ್ಚಯದ ದಿನ ಅವಳು ಕದ್ದು ನೋಡಿದ್ದ ಮುಖ… ಇವತ್ತು ಎದುರೆದುರು!

'ಅಯ್ಯೋ ದೇವರೇ, ನಮ್ಮ ಮಾತು ಇಂಥಲ್ಲೇ ಶುರುವಾಗಬೇಕಿತ್ತಾ?' ಅವಳು ಮಂಚದ ಬದಿಗೆ ಸರಿದಳು.

ಡಾಕ್ಟರ್ ಸ್ಟೂಲ್ ಎಳೆದುಕೊಂಡು ಕೂತರು. ಹಿರಿಯರನ್ನಲ್ಲ, ಭೀಮುವನ್ನೇ ನೋಡುತ್ತ ಹೇಳಿದರು. ರಾಡು ಹಾಕಿ ಮೂಳೆ ಗಟ್ಟಿ ಮಾಡುತ್ತೇವೆ. ಕೂರಬಹುದು, ಗಾಲಿಕುರ್ಚಿಯಲ್ಲಿ ಓಡಾಡಬಹುದು. ಆದರೆ ಕಾಲಿಗೆ ಶಕ್ತಿ ಮರಳುತ್ತದೆಂಬ ಭರವಸೆ ಇಲ್ಲ.

"ಏನಂತಾರ?" ಭೀಮು ಕೇಳಿದ. ಆ ಕಣ್ಣಲ್ಲಿ ಎಂಥ ಆಸೆ! ಅವಳು ಅವನ ಕಡೆ ಬಾಗಿದಳು.

"ಆಪರೇಷನ್ ಆದ್ರ… ಮೊದಲಿನಂಗ ನಡೀತೀರಂತ."

ಹಿರಿಯರು ಕೈ ಮುಗಿದರು. ಡಾಕ್ಟರ್ ಮಾತ್ರ ಏಳಲಿಲ್ಲ. ಏನಾಗಲಿದೆ ಎಂದು ರೋಗಿಯೇ ತಿರುಗಿ ತಿಳಿಸದ ಹೊರತು ಆಪರೇಷನ್ನಿಗೆ ಕೈ ಹಾಕುವವರಲ್ಲ ಆಕೆ. "ನಿನಗೇನು ತಿಳಿಯಿತು? ನೀನೇ ತೋರಿಸು," ಎಂದು ಸನ್ನೆ ಮಾಡಿದರು.

ಭೀಮು ನಕ್ಕ. ಎರಡು ಬೆರಳನ್ನು ಎದೆಯ ಮೇಲೆ ಊರಿ ಟಕಟಕನೆ ನಡೆಸಿದ.

ಡಾಕ್ಟರ್ ಬಿಗಿದ ಮುಖದಿಂದ ಪದ್ಮಾವತಿಯತ್ತ ತಿರುಗಿದರು. "ಬೆನ್ನು ಯಾರದು, ನಿನ್ನದಾ? ನಿಜ ಗೊತ್ತಿಲ್ಲದೆ ಅವನು ಹೂಂ ಅಂದರೆ ಆ ಹೂಂ ನನಗೆ ಬೇಡ. ಹೇಳು. ನಾನು ಇಲ್ಲೇ ಇರುತ್ತೇನೆ."

ಹೇಳದೆ ವಿಧಿಯಿರಲಿಲ್ಲ. ಒಂದೊಂದೇ ಮಾತು ಹೇಳುತ್ತ ಹೋದಳು. ಭೀಮುವಿನ ಎದೆಯ ಮೇಲಿನ ಬೆರಳುಗಳು ನಿಂತುಹೋದವು.

"ತಿಳೀತು ಬಿಡು," ಎಂದ ಭೀಮು ಕೊನೆಗೆ. "ಕಾಲಿಲ್ಲದ ಭೀಮು ನಿನಗ ಬ್ಯಾಡ. ಅದಕ್ಕ ಕಾಲಿದ್ದ ಭೀಮುನ್ನ ಬಾಯಿಮಾತಿನಾಗ ಕಟ್ಟಿದಿ. ಆಪರೇಷನ್ನೂ ಬ್ಯಾಡ, ಏನೂ ಬ್ಯಾಡ. ಹೋಗು! ನಿಮ್ಮಪ್ಪಗ ಹೇಳಿ ಬ್ಯಾರೆ ವರ ನೋಡಸ್ಕೊ!"

ಹಿರಿಯರು ಆಗಲೇ ಬಾಗಿಲ ಕಡೆ ನೋಡುತ್ತಿದ್ದರು. ಹೋಗಿಬಿಟ್ಟರೆ ಯಾರೂ ಅವಳನ್ನು ಬೈಯುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು.

"ಹೋಗಂಗಿಲ್ಲ!" ಅವಳು ಮಂಚದ ಕಂಬಿ ಹಿಡಿದು ನಿಂತಳು. "ನಿಮ್ಮ ಮುಖ ಸಣ್ಣದಾಗೋದು ನೋಡ್ಲಿಕ್ಕೆ ಆಗ್ಲಿಲ್ಲರಿ… ಸುಳ್ಳು ಹೇಳ್ದೆ. ತಪ್ಪಾಯ್ತು. ಆದ್ರ ನಂಗ ಬೇಕಾದವ್ರು ನೀವು. ನಿಶ್ಚಯ ಆದ ದಿನದಿಂದ ನೀವೇ!"

"ಜನ್ಮ ಪೂರ್ತಿ ನನ್ನ ಎತ್ತಿ ಇಳಸ್ತಿ ಏನು?"

"ಎತ್ತತೀನಿ. ಬ್ಯಾಸರಾದ ದಿನ ಬೈತೀನಿ. ಆದ್ರೂ ಎತ್ತತೀನಿ."

ಭೀಮು ಗೋಡೆಯ ಕಡೆ ಮುಖ ತಿರುಗಿಸಿ ಅತ್ತ. ಗಂಡಸು ಎಂಬ ನಾಚಿಕೆಯೂ ಇಲ್ಲದೆ ಬಿಕ್ಕಿ ಬಿಕ್ಕಿ ಅತ್ತ. ಯಾರೂ ತಡೆಯಲಿಲ್ಲ. ಅವನು ತಣ್ಣಗಾದ ಮೇಲೆ ಡಾಕ್ಟರ್ ಮೆಲ್ಲಗೆ, "ಈಗ ಹೇಳಪ್ಪ, ನಿನಗೆ ಏನು ಬೇಕು?" ಎಂದರು. ಪದ್ಮಾವತಿ ಅದನ್ನು ಇದ್ದದ್ದು ಇದ್ದ ಹಾಗೆ ಕನ್ನಡದಲ್ಲಿ ಕೇಳಿದಳು.

"ಕುಂದ್ರಬೇಕಂತ ಹೇಳು. ಎದುರಾಬದುರಾ ಕುಂತು ಒಬ್ಬಾಕಿ ಜೋಡಿ ಉಣಬೇಕಂತ ಹೇಳು."

"ಯಾರ ಜೋಡಿ ಅಂತ ಕೇಳಿದ್ರ?"

"ಬ್ಯಾಸರಾದ ದಿನ ಬೈಯಾಕಿ ಜೋಡಿ."