ಕನ್ನಡಕದವರು ಒಪ್ಪಿಕೊಂಡದ್ದು

ಕನ್ನಡಕದವರು ನನ್ನ ಆಫೀಸಿನ ಬಾಗಿಲಲ್ಲಿ ನಿಂತಿದ್ದಾರೆ ಅಂತ ಗೊತ್ತಾದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಕೂದಲು ಸರಿಮಾಡಿಕೊಂಡದ್ದು. ಎರಡನೆಯದು, ಅರ್ಧ ತಿಂದಿದ್ದ ಬಿಸ್ಕತ್ತನ್ನು ಡ್ರಾಯರಿನೊಳಗೆ ತಳ್ಳಿದ್ದು.

ಅವರ ಅಂಗಡಿ ನಮ್ಮದೇ ಬೀದಿಯ ತಿರುವಿನಲ್ಲಿದೆ. ಚಳಿಗಾಲ ಮುಗಿಯುವ ಹೊತ್ತಿಗೆ ಓದುವ ಕನ್ನಡಕ ಮಾಡಿಸಲು ಹೋಗಿದ್ದೆ. ಆಮೇಲೆ ಸ್ಕ್ರೂ ಸಡಿಲ, ಮೂಗಿನ ಮೇಲೆ ಜಾರುತ್ತೆ, ಕಿವಿಯ ಹಿಂದೆ ಒತ್ತುತ್ತೆ ಅಂತ ಏನಾದರೊಂದು ನೆಪ ಹಿಡಿದು ಹೋಗುತ್ತಲೇ ಇದ್ದೆ. ಆ ಕನ್ನಡಕಕ್ಕೆ ಯಾವ ರೋಗವೂ ಇರಲಿಲ್ಲ. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಪ್ರತಿ ಸಲ ಗಂಭೀರವಾಗಿ ಕೈಗೆ ತೆಗೆದುಕೊಂಡು, ದೀಪದ ಕೆಳಗೆ ತಿರುಗಿಸಿ ನೋಡಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ನನ್ನ ಮುಖಕ್ಕೆ ತಾವೇ ಏರಿಸುತ್ತಿದ್ದರು.

ಏರಿಸುವಾಗ ಅವರ ನೋಟವೆಲ್ಲ ಫ್ರೇಮಿನ ಮೇಲೆ. ಎಡಗಡೆ ಮಟ್ಟವಾಗಿದೆಯಾ, ಬಲಗಡೆ ಮಟ್ಟವಾಗಿದೆಯಾ. ಎಲ್ಲ ಸರಿಯಿದೆ ಅಂತ ಖಾತ್ರಿಯಾದ ಮೇಲೆ ಆ ನೋಟ ಒಂದೇ ಒಂದು ಗಳಿಗೆ ಫ್ರೇಮು ಬಿಟ್ಟು ನನ್ನ ಕಣ್ಣಿಗೆ ಬರುತ್ತಿತ್ತು. ಬಂದದ್ದು ತಿಳಿದೊಡನೆ, ಬೇರೆಯವರ ಮನೆ ಬಾಗಿಲು ತೆರೆದುಬಿಟ್ಟವರ ಹಾಗೆ ತಬ್ಬಿಬ್ಬಾಗಿ ವಾಪಸ್ ಹೋಗುತ್ತಿತ್ತು.

ಆ ಒಂದು ಗಳಿಗೆಗಾಗಿ ನಾನು ಮಧ್ಯಾಹ್ನದ ಊಟ ಬಿಟ್ಟು ಹೋಗುತ್ತಿದ್ದೆ ಅಂದರೆ ನೀವು ನಗಬಾರದು.

"ಬನ್ನಿ, ಕೂತ್ಕೊಳ್ಳಿ," ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಅವರು ಕುರ್ಚಿಯ ತುದಿಯಲ್ಲಿ ಕೂತರು. ಇವತ್ತು ಬಿಳಿ ಕೋಟು ಇರಲಿಲ್ಲ. ಇಸ್ತ್ರಿ ಮಾಡಿದ ನೀಲಿ ಶರ್ಟು, ಕತ್ತಿನವರೆಗೂ ಹಾಕಿದ ಗುಂಡಿ.

"ಮೇಡಂ, ನಿಮ್ಮ ಹತ್ರ ಒಂದು ವಿಷಯ ಒಪ್ಪಿಕೊಳ್ಳೋದಿತ್ತು. ತುಂಬಾ ದಿನದಿಂದ ಮನಸ್ಸಲ್ಲೇ ಇಟ್ಕೊಂಡಿದ್ದೆ."

ನನ್ನ ಎದೆ ಡವಡವ ಅನ್ನತೊಡಗಿತು. "ಹೇಳಿ."

"ನಮ್ಮಮ್ಮ ಬಿಟ್ಟು ಹೋದ ಮನೆ ಒಂದಿತ್ತು, ನನಗೂ ನಮ್ಮಕ್ಕಂಗೂ ಸೇರಿ. ಇಷ್ಟು ವರ್ಷ ಬಾಡಿಗೆಗೆ ಕೊಟ್ಟಿದ್ವಿ. ಆ ಬಾಡಿಗೇನ ಯಾವತ್ತೂ ಟ್ಯಾಕ್ಸ್ ರಿಟರ್ನಲ್ಲಿ ತೋರಿಸಿಲ್ಲ."

ನಾನು ಪೆನ್ನು ಎತ್ತಿಕೊಂಡೆ.

"ಹೋದ ವರ್ಷ ಆ ಮನೇನ ಮಾರಿದ್ವಿ," ಅವರು ಮುಂದುವರಿಸಿದರು. "ಒಳ್ಳೆ ಲಾಭ ಬಂತು. ಅದನ್ನೂ ತೋರಿಸಿಲ್ಲ."

ಎದೆಯ ಡವಡವ ತಾನಾಗಿಯೇ ನಿಂತಿತು. ಓಹೋ, ಇದಾ ಸಮಾಚಾರ!

ನಮ್ಮ ವೃತ್ತಿಯಲ್ಲಿ ಪ್ರೀತಿ ತೋರಿಸುವವರಿಗೇನೂ ಬರವಿಲ್ಲ. ರಿಟರ್ನ್ ಸಲ್ಲಿಸುವ ಕೊನೆಯ ವಾರದಲ್ಲಿ ನಾನು ಊರಿಗೆಲ್ಲ ಅಕ್ಕ, ತಂಗಿ, ಮಗಳು. ಮರುವಾರ ಎದುರಿಗೆ ಸಿಕ್ಕರೆ ಗುರುತೂ ಇರುವುದಿಲ್ಲ. ಇವರೂ ಆ ಸಾಲಿನವರೇ ಅಂತ ನನಗೆ ಯಾಕೆ ಹೊಳೆಯಲಿಲ್ಲ?

"ನೋಟಿಸ್ ಏನಾದ್ರೂ ಬಂದಿದೆಯಾ?"

"ಇಲ್ಲ."

"ಯಾರಾದ್ರೂ ದೂರು ಕೊಡ್ತೀನಿ ಅಂತ ಹೆದರಿಸಿದ್ರಾ?"

"ಇಲ್ಲ."

"ಮತ್ತೆ ಈಗ ಯಾಕೆ?"

ಅವರು ನನ್ನ ಸ್ಟೇಪ್ಲರನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರು. "ಅದನ್ನ ಈಗ ಹೇಳೋಕಾಗಲ್ಲ."

"ಇಷ್ಟು ದಿನ ನನ್ನ ಕನ್ನಡಕ ರಿಪೇರಿಗೆ ದುಡ್ಡೇ ತಗೊಂಡಿಲ್ಲವಲ್ಲ," ಅಂದೆ, ಬೇಕಂತಲೇ ನಗುತ್ತ. "ಇದಕ್ಕೇನಾ?"

ಅವರ ಕಿವಿಗಳು ಕೆಂಪಾದವು. "ಅಲ್ಲ," ಅಂದರು. ಅಷ್ಟೇ. ಇನ್ನೊಂದು ಮಾತಾಡಿದ್ದರೆ ನಾನು ನಂಬುತ್ತಿರಲಿಲ್ಲವೇನೋ. ಆ ಒಂದೇ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು.

ಆದರೂ ನಾನು ಆಡಿಟರ್ ಆಡುವ ಮಾತನ್ನೇ ಆಡಿದೆ. ಇಲಾಖೆಯವರು ಹಿಡಿಯುವ ಮೊದಲೇ ನೀವಾಗಿ ಹೇಳಿಕೊಂಡರೆ ದಂಡ ಕಡಿಮೆ, ಆದರೆ ಬಡ್ಡಿ ತಪ್ಪಲ್ಲ. ಬಾಡಿಗೆಯ ತೆರಿಗೆ ಬೇರೆ, ಮನೆ ಮಾರಿದ ಲಾಭದ ತೆರಿಗೆ ಬೇರೆ. ಮನೆ ಇಬ್ಬರದ್ದಾದ್ದರಿಂದ ನಿಮ್ಮ ಪಾಲು ನೀವು, ಅಕ್ಕನ ಪಾಲು ಅಕ್ಕ.

"ನಾನು ಹೇಳಿದ್ರೆ ಅಕ್ಕನ ಪಾಲೂ ಹೊರಗೆ ಬರುತ್ತಲ್ವಾ?"

"ಬರದೆ ಇರುತ್ತಾ? ಅವರಿಗೆ ಹೇಳಿದೀರಾ?"

"ಇಲ್ಲ," ಅಂದರು ಕನ್ನಡಕದವರು. "ಅದೇ ಕಷ್ಟ. ನನ್ನನ್ನ ಸಾಕಿ ಓದಿಸಿದ್ದೇ ಅವಳು."

*

ಅಕ್ಕ ಬಂದದ್ದು ಎರಡು ದಿನ ಬಿಟ್ಟು. ಬಂದದ್ದಲ್ಲ, ನುಗ್ಗಿದ್ದು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ರವಿಕೆಯ ಅಂಚಿಗೆ ಗುಂಡುಪಿನ್ನು ಚುಚ್ಚಿತ್ತು. ಟೈಲರಿಂಗ್ ಅಂಗಡಿಯಿಂದ ನೆಟ್ಟಗೆ ಬಂದಿದ್ದರು.

"ನೀನೇನಾ ಆ ಆಡಿಟರ್?"

"ಹೌದು. ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ನನ್ನ ತಮ್ಮನ ತಲೆ ಕೆಡಿಸಿದೋಳು ಹೇಗಿದ್ದಾಳೆ ನೋಡೋಣ ಅಂತ ಬಂದೆ." ತಲೆಯಿಂದ ಕಾಲವರೆಗೆ ನೋಡಿದರು. "ಕುಪ್ಪಸದ ತೋಳು ಯಾರು ಹೊಲಿದಿದ್ದು? ಸೊಟ್ಟ ಇದೆ."

ನಾನು ತೋಳು ನೋಡಿಕೊಂಡೆ. ನಿಜವಾಗಿ ಸೊಟ್ಟವೇ ಇತ್ತು.

"ನಾನೇನೂ ತಲೆ ಕೆಡಿಸಿಲ್ಲ. ಅವರಾಗಿಯೇ ಬಂದು ಹೇಳಿದ್ರು."

"ಅವರಾಗಿಯೇ!" ಅಕ್ಕ ಈಗ ಕೂತರು. "ಯಾಕೋ ಈ ಹುಚ್ಚು ಅಂತ ಕೇಳಿದೆ. ಏನಂದ ಗೊತ್ತಾ? 'ಅಕ್ಕ, ಅವರ ಎದುರು ಕೂತು ಮದುವೆ ಮಾತು ಎತ್ತಬೇಕು ಅಂತಿದೀನಿ. ಎತ್ತೋ ಮುಂಚೆ ಅವರಿಂದ ಮುಚ್ಚಿಟ್ಟದ್ದು ಏನೂ ಇರಬಾರದು' ಅಂದ. ಅಲ್ಲ ಕಣೇ, ಮದುವೆ ಆಗೋ ಹಾಗಿದ್ರೆ ಆಗಿ, ಬೇಡ ಅಂದವರಾರು? ಅದಕ್ಕೆ ನನ್ನ ಹೊಲಿಗೆ ಮೆಷಿನ್ ಯಾಕೆ ಮಾರಬೇಕು?"

ನನ್ನ ಕಿವಿಗೆ ಬಿದ್ದದ್ದು ಮದುವೆ ಅನ್ನುವ ಮಾತು ಮಾತ್ರ. ಮನೆ ಮಾರಿದ್ದರಲ್ಲಿ ತನ್ನ ಪಾಲಿನ ಹಣವೆಲ್ಲ ಹೊಸ ಮೆಷಿನ್ನುಗಳಿಗೆ ಹೋಗಿದೆ ಅಂತ ಅಕ್ಕ ಕೈ ಬೀಸಿ ಬೀಸಿ ಹೇಳುತ್ತಲೇ ಇದ್ದರು. ನಾನು ತಲೆಯಾಡಿಸುತ್ತಲೇ ಇದ್ದೆ. ಒಳಗೆ ಯಾರೋ ಕಿಟಕಿಗಳನ್ನೆಲ್ಲ ಒಂದೊಂದಾಗಿ ತೆರೆದ ಹಾಗಿತ್ತು.

ಅವರು ಹೋದ ಮೇಲೆ ಸಂತೋಷದ ಬೆನ್ನಿಗೇ ಸಿಟ್ಟು ಬಂತು. ಬಾಗಿಲು ಹಾಕಿ, ಸೀದಾ ತಿರುವಿನ ಅಂಗಡಿಗೆ ಹೋದೆ.

"ನಿಮ್ಮಕ್ಕ ಬಂದಿದ್ರು," ಅಂದೆ.

ಅವರ ಕೈಯಲ್ಲಿದ್ದ ಲೆನ್ಸು ಟ್ರೇಯೊಳಗೆ ಟಕ್ಕೆಂದು ಬಿತ್ತು. "ಎಲ್ಲಾ ಹೇಳಿಬಿಟ್ಳಾ?"

"ಎಲ್ಲಾ."

ಅವರು ಕತ್ತು ಬಗ್ಗಿಸಿದರು. ಅಷ್ಟೆತ್ತರದ ಮನುಷ್ಯ ಹಾಗೆ ತಲೆ ತಗ್ಗಿಸಿ ನಿಂತದ್ದು ನೋಡಿ ನನ್ನ ಸಿಟ್ಟು ಅರ್ಧ ಕರಗಿತು. ಉಳಿದರ್ಧವನ್ನು ಗಟ್ಟಿ ಹಿಡಿದುಕೊಂಡೆ.

"ನನಗೋಸ್ಕರ ಇದನ್ನ ಮಾಡಬೇಡಿ. ನಾಳೆ ನಾನು ಬೇಡ ಅಂದ್ರೆ? ಕೈಬಿಟ್ಟು ಹೋದ ಹಣಕ್ಕೆ, ಅಕ್ಕನ ಮುನಿಸಿಗೆ ಆಗ ನಾನು ಹೊಣೆ ಆಗಬೇಕಾ? ಮಾಡೋದಿದ್ರೆ ಅದು ಸರಿ ಅಂತ ಮಾಡಿ. ಇಲ್ಲಾಂದ್ರೆ ಬಿಟ್ಟುಬಿಡಿ."

"ನೀವೇ ಮಾಡಿಸಿಕೊಡ್ತೀರಲ್ವಾ?"

"ಇಲ್ಲ. ನಿಮ್ಮ ಫೈಲು ನಾನು ಮುಟ್ಟಲ್ಲ. ನನಗೆ ಕೆಲಸ ಕಲಿಸಿದ ಹಿರಿಯ ಆಡಿಟರ್ ಒಬ್ಬರಿದ್ದಾರೆ, ಅವರ ಹತ್ರ ಹೋಗಿ."

"ಯಾಕೆ ಅಂತ ಕೇಳಬಹುದಾ?"

ಕೇಳಬಹುದಿತ್ತು. ಉತ್ತರವೂ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಹೊತ್ತಿಗೆ ಯಾರೋ ಮೊಮ್ಮಗಳ ಕೈ ಹಿಡಿದು ಒಳಗೆ ಬಂದರು. ನಾನು ಹಿರಿಯರ ವಿಳಾಸ ಬರೆದಿಟ್ಟು ಹೊರಟುಬಿಟ್ಟೆ. ಬಾಗಿಲಲ್ಲಿ ತಿರುಗಿ ನೋಡಿದಾಗ ಅವರು ಚೀಟಿಯನ್ನು ಹಿಡಿದೇ ನಿಂತಿದ್ದರು. ಬೇಡ ಅನ್ನಿಸಿಕೊಂಡವರ ಮುಖ ಹೇಗಿರುತ್ತದೆ ಅಂತ ಆವತ್ತು ನೋಡಿದೆ.

*

ಆಮೇಲಿನ ದಿನಗಳಲ್ಲಿ ಬೀದಿಯ ಆ ತಿರುವನ್ನು ನಾನು ಬಿಟ್ಟೇಬಿಟ್ಟೆ. ಮನೆಗೆ ಸುತ್ತುದಾರಿ ಹಿಡಿದೆ. ಮಂಡಿ ನೋವು ಶುರುವಾಯಿತು. ಅವರು ಏನು ಮಾಡಿದರೋ ತಿಳಿಯಲಿಲ್ಲ. ಹಿರಿಯರನ್ನು ಕೇಳುವಂತಿರಲಿಲ್ಲ, ಕೇಳಿದರೂ ಅವರು ಬಾಯಿ ಬಿಡುವವರಲ್ಲ. ನನಗೆ ಬೇಕಾಗಿದ್ದ ಸುದ್ದಿ ಬಂದದ್ದು ಮತ್ತೆ ಅಕ್ಕನ ಬಾಯಿಂದಲೇ.

ಈ ಸಲ ಬಾಗಿಲು ತಟ್ಟಿ ಬಂದರು. ಕುರ್ಚಿಯಲ್ಲಿ ಕೂತರು.

"ಅವನು ಎಲ್ಲಾ ಒಪ್ಪಿಕೊಂಡು ಬಂದ ಕಣೇ. ತೆರಿಗೆ ಕಟ್ಟಿದ್ದೂ ಆಯ್ತು."

"ಹೌದಾ?" ಅಂದೆ. ಪೆನ್ನಿನ ಮುಚ್ಚಳ ಹಾಕಿದೆ, ತೆಗೆದೆ.

"ಹೋಗೋ ಮುಂಚೆ ನನ್ನ ಅಂಗಡಿಗೆ ಬಂದು ಸಂಜೆಯೆಲ್ಲ ಕೂತಿದ್ದ. ನಾನು ಬೈದೆ, ಅತ್ತೆ, ಕತ್ತರಿ ಎತ್ತಿ ಕುಕ್ಕಿದೆ. ಅವನು ಕದಲಲಿಲ್ಲ. ಕೊನೆಗೆ, 'ಅಕ್ಕ, ನಿನ್ನ ಪಾಲಿನದ್ದೂ ನಾನೇ ಕಟ್ತೀನಿ, ಕಣ್ಣು ಪರೀಕ್ಷೆ ಮೆಷಿನ್ನಿಗೆ ಅಂತ ಇಟ್ಟಿದ್ದು ಇದೆ' ಅಂದ." ಅಕ್ಕ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. "ಅವನ ಸ್ಕೂಲ್ ಯೂನಿಫಾರ್ಮ್ ಹೊಲಿದವಳು ನಾನು. ಈಗ ಅವನ ಕೈಲಿ ದಂಡ ಕಟ್ಟಿಸಿಕೊಳ್ಳಲಾ? ನಾಚಿಕೆ ಆಯ್ತು. ಬೇಡಪ್ಪ, ನನ್ನದು ನಾನೇ ಕಂತಿನಲ್ಲಿ ಕಟ್ತೀನಿ ಅಂದೆ. ಅದನ್ನ ನೀನೇ ಮಾಡಿಸಿಕೊಡು."

"ನಾನು ಮಾಡೋ ಹಾಗಿಲ್ಲ."

"ಯಾಕೆ? ಬೈದೆ ಅಂತಾನಾ?"

"ಅಲ್ಲ." ಮುಖ ಬಿಸಿಯಾಗುತ್ತಿರುವುದು ನನಗೇ ಗೊತ್ತಾಗುತ್ತಿತ್ತು. "ಸಂಬಂಧಿಕರ ಲೆಕ್ಕ ನಾನು ನೋಡಲ್ಲ. ನೀವು ಮುಂದೆ ನನಗೆ ಏನಾಗ್ತೀರೋ, ಗೊತ್ತಿಲ್ಲವಲ್ಲ."

ಅಕ್ಕ ಒಂದು ಕ್ಷಣ ಕಣ್ಣು ಕಿರಿದು ಮಾಡಿದರು. ಆಮೇಲೆ ಮೇಜು ಅದುರುವ ಹಾಗೆ ನಕ್ಕರು. "ಅತ್ತಿಗೆ ಆಗ್ತೀನಿ, ಇನ್ನೇನಾಗ್ತೀನಿ! ಇದನ್ನ ಅವನಿಗೆ ಹೇಳದೆ ನನಗೆ ಹೇಳ್ತಿದೀಯಲ್ಲೇ?"

ಅವರನ್ನೂ ಹಿರಿಯರ ಹತ್ತಿರವೇ ಕಳಿಸಿದೆ. ಕಳಿಸುವ ಮುಂಚೆ ಒಂದು ಮಾತು ಕೇಳಿದೆ. "ಆ ಮನೆಗೆ ಏನಾದ್ರೂ ದೊಡ್ಡ ಕೆಲಸ ಮಾಡಿಸಿದ್ರಾ?"

"ಮಾಡಿಸದೆ? ಇಡೀ ಛಾವಣಿ ಹೊಸದಾಗಿ ಹಾಕಿಸಿದ್ದು ನಾನೇ. ಬಿಲ್ಲೆಲ್ಲ ಹಾಗೇ ಇದೆ."

"ಹಾಗಾದ್ರೆ ಅವನ್ನ ಹಿರಿಯರಿಗೆ ತೋರಿಸಿ. ಆ ಖರ್ಚನ್ನ ಲಾಭದಲ್ಲಿ ಕಳೀಬಹುದು, ತೆರಿಗೆ ಇಳಿಯುತ್ತೆ."

"ಅಯ್ಯೋ! ಮೊದಲೇ ಹೇಳಬಾರದಿತ್ತಾ?"

"ನೀವು ಬೈಯೋದು ಮುಗಿಸಿದ್ರೆ ತಾನೇ?"

ಹೊರಡುವಾಗ ಬಾಗಿಲಲ್ಲಿ ನಿಂತರು. "ನನ್ನ ತಮ್ಮ ಅನ್ನ ನೀರು ಬಿಟ್ಟಿದ್ದಾನೆ ಅಂತ ಸುಳ್ಳು ಹೇಳಲ್ಲ. ಚೆನ್ನಾಗೇ ತಿಂತಾನೆ. ಆದ್ರೆ ಮೊನ್ನೆ ಯಾರಿಗೋ ಎಡಗಣ್ಣಿನ ಲೆನ್ಸು ಬಲಗಣ್ಣಿಗೆ ಹಾಕಿ ಕಳಿಸಿದ್ದಾನೆ. ಅಂಗಡಿ ಮುಳುಗೋ ಮುಂಚೆ ಒಂದ್ಸಲ ಹೋಗಿ ಬಾ."

*

ಹೋದೆ. ಮಧ್ಯಾಹ್ನದ ಬಿಸಿಲು ಗಾಜಿನ ಬಾಗಿಲ ಮೂಲಕ ಒಳಗೆ ಹಾಸಿಕೊಂಡಿತ್ತು, ಗಿರಾಕಿಗಳು ಯಾರೂ ಇರಲಿಲ್ಲ. ನನ್ನನ್ನು ಕಂಡು ಅವರು ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಫ್ಲಾಸ್ಕಿನಿಂದ ಎರಡು ಲೋಟಕ್ಕೆ ಟೀ ಬಗ್ಗಿಸಿದರು. ಲೋಟಕ್ಕಿಂತ ಕೌಂಟರಿಗೇ ಹೆಚ್ಚು ಬಿತ್ತು.

"ಮೊದಲು ನಾನು ಹೇಳಿಬಿಡ್ತೀನಿ," ಅಂದರು. "ಅಕ್ಕ ಹೇಳಿದ್ದು ಸುಳ್ಳಲ್ಲ. ಶುರು ಮಾಡಿದ್ದು ನಿಮಗೋಸ್ಕರಾನೇ. ಆಮೇಲೆ ನೀವು ಚೀಟಿ ಕೊಟ್ಟು ಹೊರಟುಹೋದ್ರಿ. ಇನ್ನು ಇವರು ಬರಲ್ಲ ಅಂತ ನನಗೆ ಖಾತ್ರಿ ಆಯ್ತು. ಆಗ ಸುಮ್ಮನಿರಬಹುದಿತ್ತು, ಅಕ್ಕಾನೂ ಖುಷಿಯಾಗಿ ಇರ್ತಿದ್ಲು. ಆದ್ರೆ ಸುಮ್ಮನಿರೋಕೆ ಆಗಲಿಲ್ಲ. ಅಷ್ಟರ ಮೇಲೆ ಅದು ನಿಮಗೋಸ್ಕರ ಅನ್ನೋ ಹಾಗೆ ಉಳೀಲಿಲ್ಲ."

"ಈಗ ಹೇಗನ್ನಿಸ್ತಿದೆ?"

ಅವರು ಚೆಲ್ಲಿದ ಟೀಯನ್ನು ಬಟ್ಟೆಯಲ್ಲಿ ಒರೆಸಿದರು. "ನಮ್ಮ ಬಾಡಿಗೆಯವರು ಬಾಡಿಗೆ ರಸೀದಿ ಕೇಳ್ತಾನೇ ಇದ್ರು. ಕೊಟ್ರೆ ಬಾಡಿಗೆ ಲೆಕ್ಕಕ್ಕೆ ಸಿಕ್ಕಿಬಿಡುತ್ತೆ ಅಂತ ಏನೇನೋ ಹೇಳಿ ತಪ್ಪಿಸಿಕೊಳ್ತಿದ್ದೆ. ದಾರೀಲಿ ಅವರು ಕಂಡ್ರೆ ರಸ್ತೆ ದಾಟಿ ಆಚೆ ಹೋಗ್ತಿದ್ದೆ. ನಿನ್ನೆ ಕಂಡ್ರು. ನಾನೇ ಕರೆದು ಮಾತಾಡಿಸಿದೆ. ಅವರ ಮಗ ಎಷ್ಟುದ್ದ ಆಗಿದ್ದಾನೆ ಅಂತೀರಿ!"

ಅದನ್ನು ಹೇಳುವಾಗ ಅವರ ಮುಖ ಎಷ್ಟು ಹಗುರಾಗಿತ್ತೆಂದರೆ, ಕೈ ಚಾಚಿ ಮುಟ್ಟಬೇಕು ಅನ್ನಿಸಿತು.

"ಈಗ ನಿಮ್ಮ ಸರದಿ," ಅಂದರು. "ನನ್ನ ಫೈಲು ಯಾಕೆ ಮುಟ್ಟಲ್ಲ ಅಂದ್ರಿ?"

"ಬೇಕಾದವರ ಲೆಕ್ಕ ನಾವೇ ನೋಡಬಾರದು."

"ಬೇಕಾದವರು ಅಂದ್ರೆ?"

"ಬೇಕಾದವರು ಅಂದ್ರೆ ಬೇಕಾದವರು. ಅದಕ್ಕೂ ಅರ್ಥ ಬಿಡಿಸಿ ಹೇಳಬೇಕಾ?"

ಅರ್ಥವಾಗಲು ಅವರಿಗೆ ತುಸು ಹೊತ್ತೇ ಹಿಡಿಯಿತು. ಮೊದಲು ಹುಬ್ಬು ಮೇಲೆ ಹೋಯಿತು, ಆಮೇಲೆ ತುಟಿಯ ಒಂದು ಮೂಲೆ. ಅವರ ನೋಟ ಬಂದು ನನ್ನ ಕಣ್ಣಲ್ಲಿ ನಿಂತಿತು. ಈ ಸಲ ಅದಕ್ಕೆ ವಾಪಸ್ ಹೋಗುವ ಅವಸರ ಇರಲಿಲ್ಲ. ಕೊನೆಗೆ ಕಣ್ಣು ತಗ್ಗಿಸಬೇಕಾದವಳು ನಾನೇ.

"ನನ್ನ ಹತ್ರ ಈಗ ಏನೂ ಇಲ್ಲ," ಅಂದರು ಮೆಲ್ಲಗೆ. "ಈ ಅಂಗಡಿ, ಹಿಂದುಗಡೆ ಒಂದು ರೂಮು, ಆಮೇಲೆ ಆ ಕೋಪಿಷ್ಠೆ ಅಕ್ಕ."

"ಅಕ್ಕ ಆಗಲೇ ನನ್ನ ಪಾರ್ಟಿ. ಹೊಲಿಗೆ ಬಿಚ್ಚಿ ಮತ್ತೆ ಹೊಲಿಯೋಕೆ ಅಂತ ನನ್ನ ಕುಪ್ಪಸಗಳನ್ನೆಲ್ಲ ತಗೊಂಡು ಹೋಗಿದ್ದಾರೆ."

ಅವರು ನಕ್ಕರು. ಅಂಗಡಿ ತುಂಬ ಕನ್ನಡಿಗಳು. ಎಲ್ಲ ಕನ್ನಡಿಯಲ್ಲೂ ಅವರೇ ನಗುತ್ತಿದ್ದರು. ಕೈಯಲ್ಲಿದ್ದ ಲೋಟ ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತ್ತು.

"ಟೀ ಆರಿ ಹೋಗ್ತಿದೆ," ಅಂದೆ. "ಕುಡಿ."

ಕುಡೀರಿ ಅಂತಲೇ ಹೇಳಹೊರಟಿದ್ದೆ. ಬಾಯಿಂದ ಬಂದದ್ದು ಹಾಗೆ. ನಾಲಿಗೆ ಕಚ್ಚಿಕೊಂಡೆ.

ಅವರು ಲೋಟವನ್ನು ಕೌಂಟರಿನ ಮೇಲಿಟ್ಟು ನನ್ನ ಕಡೆ ಬಾಗಿದರು.

"ಏನಂದೆ?" ಅಂದರು. "ಇನ್ನೊಂದ್ಸಲ ಹೇಳು."