ಕೆಂಚವೀರನ ಹೊಗೆಹುಲಿ

ಬಹಳ ಹಿಂದೆ ಮಣಿಗಿರಿ ಎಂಬ ರಾಜ್ಯದಲ್ಲಿ ಮುನ್ನೂರು ಸೈನಿಕರಿದ್ದರು. ಅಂತಿಂಥವರಲ್ಲ, ಮೂರು ವರ್ಷ ಕಾದಾಡಿ ಮಾಂತ್ರಿಕ ಧೂಮಕಾಯನ ದಂಡನ್ನು ಮಣ್ಣುಮುಕ್ಕಿಸಿ ಬಂದವರು. ಅವರ ಗುರಾಣಿಗಳನ್ನು ಅರಮನೆಯ ಗೋಡೆಗೆ ತೂಗುಹಾಕಿದ್ದರು.

ಸೋತ ಮಾಂತ್ರಿಕ ಸುಮ್ಮನಿರುವನೇ? ತನ್ನ ಉಸಿರನ್ನೇ ಮುನ್ನೂರು ಹೊಗೆಹುಲಿ ಮಾಡಿ, ಒಬ್ಬೊಬ್ಬ ಸೈನಿಕನ ಬೆನ್ನಿಗೂ ಒಂದೊಂದನ್ನು ಬಿಟ್ಟ. ಅವರವರ ಹುಲಿ ಅವರವರಿಗೆ ಮಾತ್ರ ಕಾಣುತ್ತಿತ್ತು. ಹಾಗಾಗಿ ಪ್ರತಿಯೊಬ್ಬನೂ ತನಗೊಬ್ಬನಿಗೇ ಹೀಗಾಗಿದೆ ಎಂದುಕೊಂಡ.

ಕುದುರೆ ಸವಾರ ಕೆಂಚವೀರನ ಹುಲಿ ಅವನ ಮಗಳ ಹಾಸಿಗೆಯ ಪಕ್ಕದಲ್ಲೇ ಕೂತಿತು. ಅವನು ದಂಡಿಗೆ ಹೋದ ಮೇಲೆ ಹುಟ್ಟಿದ ಮಗಳು. ಇನ್ನೂ ಒಮ್ಮೆಯೂ ಎತ್ತಿಕೊಂಡಿರಲಿಲ್ಲ. ತಾನು ಹತ್ತಿರ ಹೋದರೆ ಹುಲಿ ಅವಳ ಮೇಲೆರಗಿದರೆ? ಪಾಪ, ಲಾಯದಲ್ಲಿ ಮಲಗತೊಡಗಿದ. ಏನಾಯಿತೆಂದು ಹೆಂಡತಿ ಹೊನ್ನಾಜಿ ಕೇಳಿದರೆ, ಏನಿಲ್ಲ ಎಂದ. ಹುಲಿ ಒಂದು ಗೇಣು ಬೆಳೆಯಿತು.

ಮೊದಲು ಕತ್ತಿ ಬೀಸಿದ. ಹೊಗೆ ಸೀಳಿ ಮತ್ತೆ ಕೂಡಿತು. ಹೆಂಡತಿ ಕೇಳಿದಳು, ಏನಿಲ್ಲ ಎಂದ. ಹುಲಿ ಎಮ್ಮೆಯಷ್ಟಾಯಿತು.

ಆಮೇಲೆ ಕುದುರೆಯೇರಿ ಏಳು ಬೆಟ್ಟ ದಾಟಿ ಓಡಿದ. ಹುಲಿ ಅವನಿಗಿಂತ ಮೊದಲೇ ಅಲ್ಲಿ ಮೈ ನೆಕ್ಕುತ್ತ ಕೂತಿತ್ತು. ಮನೆಗೆ ಮರಳಿದಾಗ ಹೊನ್ನಾಜಿ ಮತ್ತೆ ಕೇಳಿದಳು, ಮತ್ತೆ ಏನಿಲ್ಲ. ಹುಲಿ ಆನೆಯಷ್ಟಾಯಿತು.

ಮೂರನೆಯ ಸಲ ನೇರ ಅರಮನೆಗೆ ಹೋದ. ಸೈನಿಕರೆಲ್ಲ ಊಟಕ್ಕೆ ಕೂತಿದ್ದರು. ತಾನು ಹೇಡಿ, ತನ್ನ ಗುರಾಣಿ ಇಳಿಸಿಬಿಡಿ ಎಂದು ದಳವಾಯಿ ಭೈರರಸರನ್ನು ಬೇಡಿಕೊಂಡ.

"ನೀನು ಹೇಡಿಯೇ? ಏನು ಕಂಡು ಹೆದರಿದೆಯೋ ಕೆಂಚ?"

"ಹುಲಿ, ಒಡೆಯಾ. ಹೊಗೇದು. ಮಗಳನ್ನ ಎತ್ತಿಕೊಳ್ಳೋಕೆ ಬಿಡ್ತಿಲ್ಲ."

ಅಂದದ್ದೇ ತಡ, ಅವನ ಬೆನ್ನಿಗೇ ಬಂದಿದ್ದ ಆನೆಯಷ್ಟು ಹುಲಿ ಕರುವಿನಷ್ಟಾಯಿತು. ದಳವಾಯಿಗಳು ಮೀಸೆ ಸವರಿಕೊಂಡರು. ಆಮೇಲೆ ಮೆಲ್ಲಗೆ, "ನನ್ನದು ನನ್ನ ಉಯ್ಯಾಲೆ ಮೇಲೆ ಕೂತಿದೆಯಪ್ಪ. ಮೂರು ತಿಂಗಳಿಂದ ನಾನು ನೆಲದ ಮೇಲೆ ಕೂರ್ತಿದ್ದೇನೆ" ಎಂದರು.

"ನಿಮ್ಮದಕ್ಕೆ ಉಯ್ಯಾಲೆ ಸಾಕಾಯ್ತಲ್ಲ ಒಡೆಯಾ," ಎಂದ ಈಟಿಯ ಮಲ್ಲಿಗ, "ನನ್ನದಕ್ಕೆ ನನ್ನ ಹೆಗಲೇ ಆಗಬೇಕು."

ಮುನ್ನೂರು ಮಂದಿಯೂ ನಕ್ಕರು. ನಕ್ಕು, ಒಬ್ಬೊಬ್ಬರಾಗಿ ಹೇಳತೊಡಗಿದರು. ಕೆಲವರು ಅತ್ತರು. ಒಬ್ಬರೂ ಎದ್ದುಹೋಗಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಹುಲಿಗಳು ಬೆಕ್ಕಾಗಿ, ಬೆಕ್ಕು ಚಿಟಿಕೆ ಹೊಗೆಯಾಗಿ, ಕಿಟಕಿಯಿಂದಾಚೆ ಹೋದವು. ದೂರದ ಗುಹೆಯಲ್ಲಿ ಧೂಮಕಾಯನ ಉಸಿರು ಮುಗಿಯಿತು. ಖಾಲಿ ನಿಲುವಂಗಿಯೊಂದು ಉಳಿಯಿತು, ಅಷ್ಟೇ.

ಕೆಂಚವೀರನ ಗುರಾಣಿಯನ್ನು ದಳವಾಯಿಗಳು ತಮ್ಮ ಕೈಯಾರೆ ಎಲ್ಲಕ್ಕಿಂತ ಮೇಲಕ್ಕೇರಿಸಿದರು. "ರಣದಲ್ಲಿ ಮುನ್ನುಗ್ಗಿದವರು ನಾವೆಲ್ಲರೂ. ಮೊದಲು ಬಾಯಿ ಬಿಟ್ಟ ಧೀರ ಇವನೊಬ್ಬನೇ."

ಕೆಂಚವೀರ ಮನೆಗೆ ಬಂದು ಅಂಗಳದಲ್ಲಿ ಮಂಡಿಯೂರಿ ಕೈ ಚಾಚಿದ. ಅವನನ್ನು ಕುದುರೆ ಮಾಮ ಎಂದೇ ಕರೆಯುತ್ತಿದ್ದ ಮಗು ಅಮ್ಮನ ಮುಖ ನೋಡಿತು.

"ನಿಮ್ಮಪ್ಪ ಕಣೇ, ಹೋಗು."

ಹೋಯಿತು. ಎತ್ತಿಕೊಂಡ. ಅಂದು ಮಣಿಗಿರಿಯ ಮುನ್ನೂರು ಮನೆಗಳಲ್ಲಿ ಹಬ್ಬ; ಆ ಹಬ್ಬ ಇನ್ನೂ ಮುಗಿದಿಲ್ಲವಂತೆ.