ಮೂರನೇ ಜ್ವರ

"ಮೇಡಂ, ಒಸಿ ಅತ್ಲಾಗೆ ಕೂತ್ಕೊತೀರಾ? ನಿಮ್ ಸೆಂಟು ಆಗ್ಬರಲ್ಲ."

ಕನಕಪುರದಿಂದ ರಾಮನಗರಕ್ಕೆ ಹೊರಡುವ ಬೆಳಗಿನ ಬಸ್ಸಿನಲ್ಲಿ, ಅದೂ ಏಳೆಂಟು ಜನಕ್ಕೆ ಕೇಳಿಸುವ ಹಾಗೆ, ಗುರುತು ಪರಿಚಯ ಇಲ್ಲದ ಗಂಡಸೊಬ್ಬ ಹೀಗಂದರೆ ಯಾರಿಗೆ ತಾನೆ ಮುಖ ಕೆಂಪಾಗುವುದಿಲ್ಲ. ನಯನ ಕೂತಲ್ಲಿಂದ ಅಲ್ಲಾಡಲಿಲ್ಲ.

"ಆಗ್ಬರದಿದ್ರೆ ನೀವೇ ಎದ್ದು ನಿಂತ್ಕೊಳ್ಳಿ. ನನ್ನ ಹತ್ರಾನೂ ಟಿಕೆಟ್ ಇದೆ."

"ನಿಮ್ದು ಫ್ರೀ ಟಿಕೆಟ್ಟು, ನಂದು ದುಡ್ ಕೊಟ್ಟಿದ್ದು," ಅಂದ ಅವನು, ನಗದೆ. ಆಮೇಲೆ ತೊಡೆಯ ಮೇಲಿದ್ದ ರಟ್ಟಿನ ಪೆಟ್ಟಿಗೆಯ ಮುಚ್ಚಳವನ್ನು ಎರಡು ಬೆರಳಷ್ಟು ಎತ್ತಿ ತೋರಿಸಿದ. ಒಳಗೆ ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು; ಅದರ ಮೇಲೆ ನೂಲಿನ ತುಂಡುಗಳ ಹಾಗೆ ಲೆಕ್ಕವಿಲ್ಲದಷ್ಟು ರೇಷ್ಮೆ ಹುಳು. "ಆಗ್ಬರದೆ ಇರೋದು ನಂಗಲ್ಲ, ಇವುಕ್ಕೆ. ಸೆಂಟು, ಊದುಬತ್ತಿ, ಸೊಳ್ಳೆಬತ್ತಿ, ಯಾವ್ದೂ ತಡ್ಯಕ್ಕಿಲ್ಲ. ನಮ್ ಟೆಂಪೋ ಕೆಟ್ಟು ನಿಂತ್ಬುಡ್ತು, ಅದ್ಕೇ ಬಸ್ ಹತ್ಸಿವ್ನಿ."

ನಯನ ಎದ್ದು ಮೂರು ಸೀಟು ಮುಂದೆ ಹೋಗಿ ಕೂತಳು. ರಾಮನಗರ ಬರುವ ತನಕ ಹಿಂದೆ ತಿರುಗಬಾರದು ಅಂದುಕೊಂಡಿದ್ದವಳು ಎರಡು ಸಲ ತಿರುಗಿದಳು. ಮೊದಲ ಸಲ ಅವನು ಪೆಟ್ಟಿಗೆಯನ್ನೇ ನೋಡುತ್ತಿದ್ದ. ಎರಡನೆಯ ಸಲ ಪೆಟ್ಟಿಗೆಯನ್ನು ನೋಡುತ್ತಿರಲಿಲ್ಲ.

ಮಾರನೆಯ ದಿನ ಅವನು ಬರಿಗೈಯಲ್ಲಿ ಬಂದಿದ್ದ. ಪಕ್ಕದ ಸೀಟು ತೋರಿಸಿ, "ಇವತ್ತು ಹುಳ ಇಲ್ಲ, ಕೂತ್ಕೊಬೌದು," ಅಂದ.

"ಇವತ್ತು ಸೆಂಟೂ ಇಲ್ಲ."

ಹೇಳಿಬಿಟ್ಟ ಮೇಲೆ ಅವಳಿಗೆ ಕಿವಿ ಬಿಸಿಯಾಯಿತು. ಅವನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡ. ಆದರೆ ಗಾಜಿನಲ್ಲಿ ಅವನು ನಗುತ್ತಿರುವುದು ಚೆನ್ನಾಗಿಯೇ ಕಾಣುತ್ತಿತ್ತು.

ಹೆಸರು ಜಯಕುಮಾರ್. ಕೋಡಿಹಳ್ಳಿ ಕಡೆಯವನು. ಮೊಟ್ಟೆಯೊಡೆದ ರೇಷ್ಮೆ ಹುಳುವನ್ನು ಮೊದಲ ಹತ್ತು ದಿನ ಸಾಕಿ ರೈತರಿಗೆ ಕೊಡುವ ಚಾಕಿ ಕೇಂದ್ರದಲ್ಲಿ ಕೆಲಸ. ಮನೆಯಲ್ಲಿ ತಾಯಿಯ ಜೊತೆ ತನ್ನದೂ ಒಂದಿಷ್ಟು ಹುಳು. ನಯನ ತಿಪ್ಪಸಂದ್ರದ ಕಾಳಯ್ಯನ ಮಗಳು. ಎಂ.ಎಸ್ಸಿ. ಸೈಕಾಲಜಿ ಮುಗಿಸಿ ಕನಕಪುರದಲ್ಲಿ ರೂಮು ಮಾಡಿಕೊಂಡಿದ್ದಳು. ಕುರಿ ಸಾಕುವ ಮನೆಯವಳು ಎಂದು ಕಾಲೇಜಿನ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದುದನ್ನೂ, ಅವತ್ತಿನಿಂದ ಸೆಂಟು ಹಾಕಲು ಶುರುಮಾಡಿದ್ದನ್ನೂ ಅವಳು ಅವನಿಗೆ ಎರಡನೆಯ ವಾರವೇ ಹೇಳಿದಳು. ಬೇರೆ ಯಾರಿಗೂ ಹೇಳಿರಲಿಲ್ಲ.

ಅವನು ನಗಲಿಲ್ಲ. "ನನ್ ಅಂಗಿ ಮೂಸಿ ನೋಡಿ," ಅಂದ. "ಹುಳಿನ ಹಿಕ್ಕೆ ವಾಸ್ನೆ. ನಾನೆಲ್ಲಿಗೆ ಹೋಗ್ಲಿ?"

"ಇಷ್ಟು ಬೇಗ ಅಂಗಿ ಮೂಸೋಕೆ ಹೇಳ್ತೀರಲ್ಲ."

"ನಿಧಾನಕ್ಕೆ ಮೂಸಿ. ಬಸ್ಸು ಇನ್ನೂ ದೂರ ಹೋಗ್ಬೇಕು."

ಮೂರನೆಯ ವಾರ ರಾಮನಗರದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅವನು, ಯಾವುದೋ ಭಾರ ಇಳಿಸುವವನ ಹಾಗೆ, ತಲೆ ತಗ್ಗಿಸಿ ಹೇಳಿದ. "ಒಂದು ವಿಸ್ಯ ಮುಚ್ಚಿಟ್ಟಿದ್ದೆ. ನಮ್ಮಣ್ಣ ಇಲ್ಲೇ ಜೈಲಲ್ಲವ್ನೆ. ಹೊಲದ ಬದಿನ ಜಗಳದಲ್ಲಿ ಗುದ್ಲಿ ಕಾವು ಬೀಸ್ಬುಟ್ಟ. ಆ ಮನುಸ ಬದುಕ್ಲಿಲ್ಲ. ಅಣ್ಣನ ಹೆಸ್ರು ನಟರಾಜು ಅಂತ."

ನಯನ ಟ್ರಸ್ಟೊಂದರ ಕಡೆಯಿಂದ ಮಂಗಳವಾರ, ಶುಕ್ರವಾರ ಅದೇ ಜೈಲಿಗೆ ಹೋಗುತ್ತಿದ್ದಳು. ಕೈದಿಗಳ ಜೊತೆ ಮಾತಾಡುವುದು, ಯಾರಾದರೂ ಪೆರೋಲಿಗೆ ಅರ್ಜಿ ಹಾಕಿದರೆ ಅವರ ಮನಸ್ಸಿನ ಸ್ಥಿತಿಯ ಬಗ್ಗೆ ಒಂದು ಪುಟ ಬರೆದುಕೊಡುವುದು ಅವಳ ಕೆಲಸ. ಆಷಾಢದಲ್ಲಿ, ಇವನ ಮುಖ ನೋಡುವುದಕ್ಕೂ ಮೊದಲು, ನಟರಾಜುವಿನ ಬಗ್ಗೆ ಆ ಪುಟ ಬರೆದಿದ್ದವಳು ಅವಳೇ. ಶಿಫಾರಸು ಮಾಡಲಾಗದು ಎಂದು ಬರೆದಿದ್ದಳು. ಪೆರೋಲ್ ಸಿಕ್ಕಿರಲಿಲ್ಲ.

ಆ ಕ್ಷಣ ಎದ್ದು ಹೋಗಬೇಕಿತ್ತು. ಹೋಗಿ ತನ್ನ ಹಿರಿಯರಾದ ಅಶ್ವಥ್ ಸರ್‌ಗೆ ಹೇಳಿ ಆ ಕೇಸು ಬಿಡಬೇಕಿತ್ತು. ಮೊದಲನೆಯ ಸೆಮಿಸ್ಟರಿನಲ್ಲೇ ಪಾಠ ಮಾಡುವ ವಿಷಯ ಅದು.

"ನೀವೇನೋ ಕೌನ್ಸೆಲಿಂಗ್ ಅಂದ್ರಲ್ಲ, ಸ್ಕೂಲ್ ಮಕ್ಳಿಗಾ?" ಅಂತ ಅವನು ಕೇಳಿದ.

"ಹೂಂ. ಸ್ಕೂಲಿಗೂ ಹೋಗ್ತೀನಿ," ಅಂದಳು.

ಸುಳ್ಳಲ್ಲ. ಬುಧವಾರ ಹೋಗುತ್ತಿದ್ದಳು.

ಅಲ್ಲಿಂದ ಶುರುವಾದದ್ದನ್ನು ನಾಚಿಕೆ ಅನ್ನಬೇಕು. ಕನ್ನಡದಲ್ಲಿ ಆ ಮಾತಿಗೆ ಎರಡು ಮುಖ. ಅವನು ಬಸ್ಸಿನ ಕಂಬಿ ಹಿಡಿದ ಅವಳ ಬೆರಳ ಪಕ್ಕಕ್ಕೆ ತನ್ನ ಬೆರಳು ತಂದಿಟ್ಟಾಗ ಆಗುವುದೂ ನಾಚಿಕೆಯೇ, ಅವನು ಅಣ್ಣನ ಸುದ್ದಿ ಹೇಳುವಾಗ ಗೊತ್ತಿಲ್ಲದವಳ ಹಾಗೆ ಕೇಳಿಸಿಕೊಳ್ಳುತ್ತಾ ಕೂತಾಗ ಆಗುವುದೂ ನಾಚಿಕೆಯೇ. ಕಿವಿ ಬಿಸಿಯಾದಾಗ ಯಾವುದು ಯಾವುದೆಂದು ಅವಳಿಗೇ ತಿಳಿಯುತ್ತಿರಲಿಲ್ಲ.

"ಅವ್ವಂಗೆ ಸಕ್ಕರೆ ಕಾಯಿಲೆ, ಕಣ್ಣಿಗೆ ಇಳಿದದೆ," ಅಂದಿದ್ದ ಒಂದು ದಿನ. "ಬಲಗಣ್ಣು ಸಂಕ್ರಾಂತಿ ತನ್ಕ ಅಂದವ್ರೆ ಡಾಕ್ಟ್ರು. ಅಷ್ಟ್ರೊಳಗೆ ಹಿರಿಮಗನ ಮುಖ ನೋಡ್ಬೇಕಂತದೆ. ಜೈಲಿಗೇ ಕರ್ಕೊಂಡೋಗನ ಅಂದ್ರೆ ಅಣ್ಣ ಒಪ್ಪಲ್ಲ. ಕೊನೇದಾಗಿ ನೋಡೋದು ಜಾಲರಿ ಹಿಂದಿನ ಮುಖ ಆಗ್ಬಾರ್ದು ಅಂತಾನೆ. ಯಾರೋ ಜೈಲಿನ ಮೇಡಮ್ಮು ಬರ್ದು ಪೆರೋಲ್ ನಿಲ್ಸ್‌ಬುಟ್ರಂತೆ."

"ಯಾರಂತೆ?" ಅಂತ ಕೇಳಿದ್ದಳು ನಯನ. ಹಾಗೆ ಕೇಳಿದ್ದು ನೆನಪಾದಾಗಲೆಲ್ಲ ಅವಳಿಗೆ ತನ್ನ ನಾಲಗೆಯನ್ನೇ ಕಿತ್ತಿಡಬೇಕು ಅನ್ನಿಸುತ್ತಿತ್ತು.

ಜೈಲಿನಲ್ಲಿ ನಟರಾಜು ಎಂದಿನ ಹಾಗೆ ಎದುರಿಗೆ ಬಂದು ಕೂರುತ್ತಿದ್ದ. ಅವಳು ಅವನ ಮುಖದಲ್ಲಿ ತಮ್ಮನ ಗದ್ದ ಹುಡುಕುತ್ತಿದ್ದಳು. ಮಾತು ಕಮ್ಮಿಯ ಮನುಷ್ಯ. ಒಂದು ಶುಕ್ರವಾರ ಮಾತ್ರ ತಾನಾಗಿ ಬಾಯಿಬಿಟ್ಟ.

"ನನ್ ತಮ್ಮ ಯಾರೋ ಹುಡ್ಗೀನ ಮೆಚ್ಕೊಂಡವ್ನೆ ಮೇಡಂ. ಹೋದ್ವಾರ ನೋಡಕ್ ಬಂದಾಗ ಸುಮ್‌ಸುಮ್ಕೆ ನಗ್ತಿದ್ದ. ಓದಿರೋ ಹುಡ್ಗಿಯಂತೆ. ನಾನಿಲ್ಲಿರೋ ದೆಸೆಯಿಂದ ಬುಟ್ಟೋಯ್ತಳಾ ಮೇಡಂ?"

ಪೆನ್ನು ಹಿಡಿದ ಅವಳ ಕೈ ನಿಂತಿತು. "ಹೇಳೋಕಾಗಲ್ಲ," ಅಂದಳು. ಅವತ್ತಿನ ಟಿಪ್ಪಣಿಯಲ್ಲಿ, ಮನೆಯವರ ಜೊತೆ ಸಂಬಂಧ ಚೆನ್ನಾಗಿದೆ, ಎಂದಷ್ಟೇ ಬರೆದು ಪುಸ್ತಕ ಮುಚ್ಚಿದಳು.

ದೀಪಾವಳಿ ಕಳೆದ ವಾರ, ರೇಷ್ಮೆಗೂಡಿನ ಮಾರುಕಟ್ಟೆಯ ಹತ್ತಿರ ಟೀ ಅಂಗಡಿಯಲ್ಲಿ ಜಯಕುಮಾರ್ ಹೇಳಿದ, "ನಾಳೆ ನಾಳಿದ್ದು ಬರಕಾಗಕಿಲ್ಲ ಕಣಮ್ಮಿ. ಮನೇಲಿ ಮೂರನೇ ಜ್ವರಕ್ಕೆ ಕೂತವೆ."

"ಜ್ವರಾನಾ? ಯಾರಿಗೆ? ಡಾಕ್ಟ್ರಿಗೆ ತೋರ್ಸಿದ್ರಾ?"

ಅವನು ಟೀ ನೆತ್ತಿಗೇರಿ ಕೆಮ್ಮುತ್ತಾ ನಕ್ಕ. "ಹುಳಿಗೆ ಕಣೆ, ಹುಳಿಗೆ. ಕುರಿ ಕಾಯೋರ ಮಗ್ಳು ನೀನು, ನಿಂಗೆಲ್ಲಿ ಗೊತ್ತಾಗ್ಬೇಕು. ಜ್ವರ ಅಂದ್ರೆ ಕಾಯ್ಲೆ ಅಲ್ಲ. ಪೊರೆ ಬಿಡೋ ಕಾಲ. ಒಂದೊಂದು ಹುಳಕ್ಕೂ ನಾಕ್ ನಾಕ್ ಸತಿ. ತಲೆ ಮೇಲೆತ್ಕೊಂಡು ಕೂತ್ಬುಡ್ತವೆ. ಸೊಪ್ಪು ಮುಟ್ಟಲ್ಲ, ಅಲ್ಲಾಡಲ್ಲ. ಗೊತ್ತಿಲ್ದೋರು ನೋಡಿದ್ರೆ ಸತ್ತೋದೋ ಅಂತಾರೆ. ಆವಾಗ ಮುಟ್ಬಾರ್ದು. ಹಳೇ ಚರ್ಮ ಕಳಚ್ಕೊಂಡು ತಾವೇ ಏಳ್ತವೆ."

ನಯನ ಲೋಟ ಕೆಳಗಿಟ್ಟಳು.

ಆಷಾಢದ ಆ ದಿನ ನಟರಾಜು ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಏನಾಗಿದೆ ಎಂದು ಕೇಳಿದ್ದಕ್ಕೆ ತಲೆಯೆತ್ತಿ, "ಮೂರನೇ ಜ್ವರಕ್ಕೆ ಕೂತಿವ್ನಿ ಮೇಡಂ, ಒಸಿ ಹಂಗೇ ಬುಟ್ಬುಡಿ," ಅಂದಿದ್ದ. ಅವಳು ಜೈಲಿನ ಆಸ್ಪತ್ರೆಯ ಪುಸ್ತಕ ತರಿಸಿ ನೋಡಿದ್ದಳು. ಮೈ ಬೆಚ್ಚಗೂ ಇರಲಿಲ್ಲ. ಇಂಗ್ಲಿಷ್ ಫಾರಮ್ಮಿನಲ್ಲಿ ಬರೆದಿದ್ದಳು: ಪದೇಪದೇ ಜ್ವರ ಎಂದು ಸುಳ್ಳು ಹೇಳುತ್ತಾನೆ, ಊಟ ಬಿಡುತ್ತಾನೆ, ಕಾಯಿಲೆಯ ನಟನೆ, ಮಾಡಿದ ತಪ್ಪಿನ ಅರಿವಿಲ್ಲ.

ಒಬ್ಬ ಮನುಷ್ಯ ತಾನು ಬದಲಾಗುತ್ತಿದ್ದೇನೆ ಎಂದು ತನಗೆ ಗೊತ್ತಿದ್ದ ಒಂದೇ ಮಾತಿನಲ್ಲಿ ಹೇಳಿದ್ದ. ಏನು ಹಾಗಂದರೆ ಎಂದು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

"ಯಾಕೆ, ಮೊಖ ಬಿಳಿಚ್ಕೊತು?" ಅಂದ ಜಯಕುಮಾರ್.

"ಏನಿಲ್ಲ. ಬಿಸಿಲು."

ತಿದ್ದುಪಡಿಯ ಪತ್ರ ಬರೆಯುವುದು ಕಷ್ಟವಾಗಲಿಲ್ಲ. 'ಸ್ಥಳೀಯರನ್ನು ವಿಚಾರಿಸಿದಾಗ ತಿಳಿದುಬಂದಂತೆ' ಎಂದು ಶುರುಮಾಡಿ ಜ್ವರದ ಅರ್ಥ ವಿವರಿಸಿ, ಹೊಸ ಅರ್ಜಿಗೆ ತನ್ನ ಒಪ್ಪಿಗೆ ಇದೆ ಎಂದು ಮುಗಿಸಿದಳು. ಬೆಳಿಗ್ಗೆ ಅಶ್ವಥ್ ಸರ್ ಮೇಜಿನ ಮೇಲಿಟ್ಟಳು. ಅವರು ಎರಡು ಸಲ ಓದಿದರು.

"ಒಳ್ಳೇದು. ತಪ್ಪು ಒಪ್ಕೊಂಡಿದೀಯ. ಸ್ಥಳೀಯರು ಅಂದ್ರೆ ಯಾರಮ್ಮ?"

ರೂಮಿನ ಓನರ್ ಅನ್ನಬಹುದಿತ್ತು. ಬಸ್ ಕಂಡಕ್ಟರ್ ಅನ್ನಬಹುದಿತ್ತು. ಈ ಜಿಲ್ಲೆಯಲ್ಲಿ ಆ ಮಾತು ಗೊತ್ತಿಲ್ಲದವರು ಕಮ್ಮಿ. ಯಾರ ಹೆಸರು ಹೇಳಿದರೂ ಪತ್ರ ಮುಂದೆ ಹೋಗುತ್ತಿತ್ತು, ನಟರಾಜು ಮನೆಗೆ ಹೋಗುತ್ತಿದ್ದ, ಜಯಕುಮಾರ್ ನಾಳಿದ್ದು ಬಸ್ಸಿನಲ್ಲಿ ಪಕ್ಕದ ಸೀಟು ಹಿಡಿದಿರುತ್ತಿದ್ದ. ಆದರೆ ಮುಂದೆ ಯಾವತ್ತಾದರೂ ಯಾರಾದರೂ ಅವಳನ್ನೂ ಜಯಕುಮಾರನನ್ನೂ ಒಟ್ಟಿಗೆ ನೋಡಿದರೆ, ಈ ಪತ್ರ ಪ್ರೀತಿ ಬರೆಸಿದ ಸುಳ್ಳಾಗುತ್ತಿತ್ತು. ಆಗ ಮತ್ತೆ ಸಿಕ್ಕಿಬೀಳುವವನು ನಟರಾಜುವೇ.

"ಅವನ ತಮ್ಮ ಹೇಳಿದ್ದು, ಸರ್," ಅಂದಳು. "ನಾನು ಅವರನ್ನ ಇಷ್ಟಪಟ್ಟಿದೀನಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಟರಾಜು ಅವನ ಅಣ್ಣ ಅಂತ ಗೊತ್ತಾಗಿ ಎಷ್ಟು ದಿನ ಆಯ್ತು?"

"ಎರಡು ತಿಂಗಳ ಮೇಲಾಯ್ತು."

"ಅಷ್ಟೂ ದಿನ ನಟರಾಜು ಎದುರಿಗೆ ಕೂತು ಮಾತು ಕೇಳಿದೀಯ."

ಅವರು ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಯಲಿಲ್ಲ. ಹೊಸದಾಗಿ ತಾವೇ ನಟರಾಜುವನ್ನು ನೋಡಿ ಬರೆಯುವುದಾಗಿಯೂ, ಅವಳು ಇನ್ನು ಜೈಲಿನ ಕೆಲಸಕ್ಕೆ ಹೋಗುವಂತಿಲ್ಲ ಎಂದೂ ಹೇಳಿದರು. "ನಡೆದದ್ದನ್ನ ನಟರಾಜುಗೆ ನಾನು ಹೇಳ್ತೀನಿ, ಅದು ತಿಳ್ಕೊಳೋ ಹಕ್ಕು ಅವನಿಗಿದೆ. ತಮ್ಮನಿಗೆ ನೀನು ಹೇಳು. ಆದ್ರೆ ಒಳಗೆ ನಟರಾಜು ಏನಂದ, ನೀನು ಏನು ಬರೆದೆ, ಅದು ಮಾತ್ರ ಬಾಯಿ ಬಿಡೋ ಹಾಗಿಲ್ಲ. ಆ ಮಾತು ನಿನ್ನದಲ್ಲ, ಅವನದು."

ಚನ್ನಪಟ್ಟಣಕ್ಕೆ ಹುಳು ಕೊಡಲು ಹೋಗಿದ್ದ ಜಯಕುಮಾರನನ್ನು ದೊಡ್ಡಮಳೂರಿನ ದೇವಸ್ಥಾನದ ಹತ್ತಿರ ಬರಹೇಳಿದಳು. ಖಾಲಿ ಟ್ರೇಗಳಿದ್ದ ಟೆಂಪೋ ನಿಲ್ಲಿಸಿ ಅವನು ನಗುತ್ತಲೇ ಇಳಿದ. "ಏನು, ದೇವಸ್ಥಾನಕ್ಕೆ ಕರ್ಸಿದೀಯ? ತಾಳಿ ನಾನ್ ತರ್ಬೇಕಿತ್ತಾ?"

"ನಿಮ್ಮಣ್ಣನ ಪೆರೋಲ್ ನಿಲ್ಸಿದ ಮೇಡಂ ನಾನೇ," ಅಂದಳು.

ನಗು ಅವನ ಮುಖದಿಂದ ಒಮ್ಮೆಲೇ ಹೋಗಲಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಉಳಿದಿತ್ತು.

"ಏನ್ ಬರ್ದಿದ್ದೆ?"

"ತಪ್ಪು ಬರ್ದಿದ್ದೆ. ಈಗ ಒಪ್ಕೊಂಡಿದೀನಿ."

"ಅದೇ, ಏನಂತ?"

"ಅದನ್ನ ಹೇಳೋ ಹಾಗಿಲ್ಲ, ಕುಮಾರ."

"ನಾನು ಅವನ ಒಡಹುಟ್ಟಿದೋನು."

"ಗೊತ್ತು. ಆದ್ರೂ ಹೇಳೋ ಹಾಗಿಲ್ಲ."

ಹೇಳಿದ್ದರೆ ಅವನು ಕ್ಷಮಿಸುತ್ತಿದ್ದನೇನೋ. ಟೀ ಅಂಗಡಿಯಲ್ಲಿ ನಕ್ಕಂತೆಯೇ ನಕ್ಕುಬಿಡುತ್ತಿದ್ದನೇನೋ. ಅವಳನ್ನು ಉಳಿಸಬಲ್ಲ ಒಂದೇ ಮಾತು ಅವಳ ಬಾಯೊಳಗೇ ಇತ್ತು. ಹಲ್ಲು ಕಚ್ಚಿಕೊಂಡು ನಿಂತಳು.

"ಬರ್ದಿದ್ದಕ್ಕಲ್ಲ ನಂಗೆ ಸಂಕಟ," ಅಂದ ಅವನು, ತುಂಬಾ ಮೆಲ್ಲಗೆ. "ಅವತ್ತು ಯಾರಂತೆ ಅಂತ ಕೇಳಿದೆಯಲ್ಲ ನನ್ನ. ಅದುಕ್ಕೆ."

ಟೆಂಪೋ ಹೊರಟುಹೋಯಿತು. ಅವಳು ದೇವರ ಮುಖ ನೋಡಲೂ ಮನಸ್ಸಾಗದೆ ರಸ್ತೆಯಲ್ಲೇ ನಿಂತಿದ್ದಳು.

ಅವನು ಬೆಳಗಿನ ಬಸ್ಸಿಗೆ ಬರುವುದನ್ನು ಬಿಟ್ಟ. ನಯನ ಕನಕಪುರದ ರೂಮು ಖಾಲಿ ಮಾಡಿ ತಿಪ್ಪಸಂದ್ರದಿಂದಲೇ ಮಾಗಡಿಯ ಶಾಲೆಗಳಿಗೆ ಹೋಗತೊಡಗಿದಳು. ಮಕ್ಕಳು ಏನಾದರೂ ಅಂದರೆ, ಹಾಗಂದ್ರೇನು, ಎಂದು ಎರಡೆರಡು ಸಲ ಕೇಳುತ್ತಿದ್ದಳು. ಮೇಡಮ್ಮಿಗೆ ಕಿವಿ ಮಂದ ಎಂದು ಮಕ್ಕಳು ಆಡಿಕೊಂಡರು.

ಧನುರ್ಮಾಸದ ಒಂದು ಭಾನುವಾರ ಮಧ್ಯಾಹ್ನ ಫೋನು ಬಂತು.

"ಅಣ್ಣ ಬಂದವ್ನೆ," ಅಂದ ಜಯಕುಮಾರ್. "ಹದ್ನೈದು ದಿನ."

"ಅವ್ವ ನೋಡಿದ್ರಾ?" ಅಂತ ಕೇಳಿದಳು.

"ಅವ್ವ ಅವನ ಮೊಖಾನ ಬಾಗ್ಲ ಬೆಳಕಿಗೆ ಎಳ್ಕೊಂಡು ನೋಡ್ತು. ಬಲಗಣ್ಣು ಸಂಕ್ರಾಂತಿಗ್ ಮುಂಚೇನೇ ಹೋಗ್ಬುಟ್ಟದೆ. ಎಡಗಣ್ಣಲ್ಲಿ ಒಸಿ ಮಂಜುಮಂಜು. ಮೂಗು ಕಾಣ್ತದೆ, ಮಿಕ್ಕಿದ್ದು ನಾನೇ ನೆನಸ್ಕೊತೀನಿ ಬುಡು, ಅಂತು."

"ಆಷಾಢದಲ್ಲೇ ಬಂದಿದ್ರೆ ಪೂರ್ತಿ ಕಾಣ್ತಿತ್ತು," ಅಂದಳು ನಯನ. ಆ ಮಾತನ್ನು ಅವನು ಹೇಳುವ ಹಾಗಾಗಬಾರದು ಎಂದು.

"ಹೂಂ. ಕಾಣ್ತಿತ್ತು."

ಆ ಕಡೆ ಅವನು ಬಾಗಿಲು ಎಳೆದುಕೊಂಡ ಸದ್ದು ಕೇಳಿಸಿತು.

"ಅಣ್ಣ ನಿನ್ನ ನೋಡ್ಬೇಕಂತೆ. ಸಿಟ್ಟೇನಿಲ್ಲ ಅವಂಗೆ. ಮನೆಗ್ ಬಾ."

"ಬರೋಕಾಗಲ್ಲ, ಕುಮಾರ. ನನ್ನ ಎದುರು ಕೂತು ಮನಸ್ಸು ಬಿಚ್ಚಿ ಹೇಳ್ಕೊಂಡೋರು ಅವರು. ಈಗ ನಾನು ಅವರ ಮನೆ ಬಾಗಿಲಿಗೇ ಬಂದು ನಿಂತ್ರೆ, ಕ್ಷಮಿಸಿದೀನಿ ಅನ್ನದೆ ಬೇರೆ ದಾರಿ ಇರುತ್ತಾ ಅವರಿಗೆ?"

"ನಂಗೆ ಸಿಟ್ಟು ಇನ್ನೂ ಹೋಗಿಲ್ಲ."

"ಗೊತ್ತು."

"ನೀನಿಲ್ದೆ ಇರಕೂ ಆಯ್ತಿಲ್ಲ. ಎರಡೂ ಒಟ್ಗೇ ಇಟ್ಕೊಂಡು ಕೂತಿವ್ನಿ." ತಡೆದು ಕೇಳಿದ, "ನಾನೊಬ್ನೇ ಬಂದ್ರೆ? ಅಣ್ಣನ ಮಾತು ಎತ್ತಕಿಲ್ಲ."

"ಎತ್ತು. ಕೇಳಿಸ್ಕೊತೀನಿ. ನನ್ನಿಂದ ಉತ್ತರ ಮಾತ್ರ ಬರಲ್ಲ. ಅಷ್ಟಕ್ಕೆ ಒಪ್ಪಿದ್ರೆ ಬಾ."



"ಮಾಗಡಿಯಿಂದ ನಿಮ್ಮೂರಿಗೆ ಬಸ್ಸು ಎಷ್ಟ್ ಹೊತ್ಗೆ?" ಅಂದ.

"ಹನ್ನೊಂದ್ ಗಂಟೆಗೊಂದು ಐತೆ," ಅಂದಳು ನಯನ. "ಅದ್ನ ಬುಟ್ರೆ ಮೂರ್ ಗಂಟೆಗೇ."